ಪೊರಕೆಗಳ ಲೆಕ್ಕ ಯಾರು ಕೊಡ್ತಾರೆ?



2015ರ ಆಗಸ್ಟಿನಲ್ಲಿ ದೆಹಲಿಯಿಂದ ಒಂದು ಪಟ್ಟಿ ಬಂತು. ದೇಶದ 476 ನಗರಗಳಲ್ಲಿ ಮೈಸೂರೇ ಎಲ್ಲಕ್ಕಿಂತ ಸ್ವಚ್ಛ ಅಂತ. ಆರು ತಿಂಗಳು ಕಳೆದು 2016ರ ಫೆಬ್ರುವರಿಯಲ್ಲಿ 73 ನಗರಗಳ ಇನ್ನೊಂದು ಪಟ್ಟಿ. ಅದರಲ್ಲೂ ಮೈಸೂರೇ ಮೊದಲು. ಊರಿಗೆ ಬಹುಮಾನ ಬಂತು. ಊರು ಅಂದರೆ ಯಾರು ಸ್ವಾಮಿ? ಬೆಳಗಿನ ಜಾವ ಬೀದಿನಾಯಿಗಳ ಜೊತೆ ಎದ್ದು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಗಲ್ಲಿ ಗಲ್ಲಿ ಗುಡಿಸಿ ಬಂದ ನಮ್ಮವ್ವಂದಿರು ಆ ಊರಿನೊಳಗೆ ಇದ್ದರಾ, ಇಲ್ಲವಾ?

ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಗೆಳೆಯನೊಬ್ಬನ ತಾಯಿ ಹಾಗೆ ಗುಡಿಸುವವಳು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಅಂತ ಕಾಲಂ ಬಂದಾಗಲೆಲ್ಲ ಅವನು 'ಸರ್ಕಾರಿ ನೌಕರಿ' ಅಂತ ಬರೀತಿದ್ದ. ಆಕೆ ಆಗ ಸರ್ಕಾರದ ನೌಕರಳೂ ಅಲ್ಲ, ಕಂಟ್ರಾಕ್ಟುದಾರನ ಆಳು. ನಾವು ಅವನನ್ನು ಗೇಲಿ ಮಾಡಲಿಲ್ಲ. ನಾವೂ ಅದನ್ನೇ ಮಾಡುತ್ತಿದ್ದೆವು, ಬೇರೆ ಬೇರೆ ಕಾಲಮ್ಮುಗಳಲ್ಲಿ.

ಈ ಊರು ಯೋಜನೆ ಹಾಕಿ ಕಟ್ಟಿದ ಊರು ಅಂತ ನಮಗೆ ಕ್ಲಾಸಿನಲ್ಲಿ ಪಾಠ ಮಾಡಿದರು. ನಿಜ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂತು, ಜನ ಸತ್ತರು, ಇದ್ದವರು ಊರು ಬಿಟ್ಟರು. 1901ರ ಗಣತಿಯಲ್ಲಿ ಮೈಸೂರಿನಲ್ಲಿ 70 ಸಾವಿರ ಜನವೂ ಇರಲಿಲ್ಲ. 1903ರಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡು ಹುಟ್ಟಿ ಅಗಲದ ರಸ್ತೆ, ಗಾಳಿ, ಬೆಳಕು, ಪಾರ್ಕು, ಚೌಕ ಎಲ್ಲ ಬಂದವು. ಪಾಠದಲ್ಲಿ ಬಿಟ್ಟುಹೋದದ್ದು ಮನೆಗಳ ಹಿಂದಿನ ಗಲ್ಲಿ. ಹಳೇ ಬಡಾವಣೆಗಳಿಗೆ ಈಗಲೂ ಹೋಗಿ ನೋಡಿ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ನಡುವೆ ಒಂದು ಕಿರಿದಾದ ಓಣಿ. ಕನ್ಸರ್ವೆನ್ಸಿ ಲೇನ್ ಅಂತ ಅದಕ್ಕೆ ಇಂಗ್ಲಿಷಿನ ಹೆಸರು. ಎಷ್ಟು ಚೆಂದದ ಹೆಸರು! ಮಲದ ಬುಟ್ಟಿ ಹೊತ್ತವನು ಮುಂಬಾಗಿಲ ರಂಗೋಲಿಯನ್ನು ದಾಟದೆ, ಯಾರ ಕಣ್ಣಿಗೂ ಬೀಳದೆ, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ದಾರಿ ಅದು. ಇಂಜಿನಿಯರು ನಕ್ಷೆಯಲ್ಲಿ ರಾಜಮಾರ್ಗದ ಗೆರೆ ಎಳೆದ ಪೆನ್ಸಿಲಿನಲ್ಲೇ ನಮಗೂ ಒಂದು ಗೆರೆ ಎಳೆದಿದ್ದ. ಹಳ್ಳಿಯಲ್ಲಿ ಕೇರಿ ಊರಾಚೆ ಇತ್ತು. ಪಟ್ಟಣದಲ್ಲಿ ಕೇರಿಗೆ ಹೋಗುವ ದಾರಿಯೊಂದು ಪ್ರತಿ ಮನೆಯ ಬೆನ್ನಿಗೂ ಅಂಟಿಕೊಂಡಿತ್ತು. ಕೇರಿಗೇ ಆದಿಕರ್ನಾಟಕಪುರ ಅಂತ ಹೆಸರಿತ್ತು. ಅದು ಇವತ್ತಿನ ಅಶೋಕಪುರಂ.

ಆ ಬುಟ್ಟಿಯನ್ನು ತಲೆಯಿಂದ ಇಳಿಸಿ ಅಂತ ಈ ರಾಜ್ಯದಲ್ಲಿ ಆಜ್ಞೆ ಮಾಡಿದವರು 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಅವರು ಆಡಿದ ಬೂಸಾ ಮಾತು ಎಲ್ಲರಿಗೂ ನೆನಪಿದೆ. ಅದಕ್ಕಾಗಿ ಊರೂರಲ್ಲಿ ನಮ್ಮ ಹುಡುಗರಿಗೆ ಹೊಡೆದರು, ಅವರು ಮಂತ್ರಿಗಿರಿಯನ್ನೂ ಬಿಡಬೇಕಾಯ್ತು. ಬುಟ್ಟಿ ಇಳಿಸಿದ ಮಾತು ಎಷ್ಟು ಜನಕ್ಕೆ ನೆನಪಿದೆ? ಸಾಹಿತ್ಯಕ್ಕೆ ಅವಮಾನವಾದರೆ ಬೀದಿಗೆ ಬರುವ ಊರು, ಮನುಷ್ಯನ ತಲೆ ಮೇಲಿನ ಮಲದ ವಿಚಾರಕ್ಕೆ ಬರಲಿಲ್ಲ.

ಅದೇ ದಶಕದಲ್ಲಿ ಇನ್ನೊಂದು ಕೆಲಸ ಆಯ್ತು. ಗುಡಿಸುವವರ, ಮಲ ಎತ್ತುವವರ ಬದುಕನ್ನು ನೋಡಿ ಬರೆಯಲು ಐ.ಪಿ.ಡಿ. ಸಾಲಪ್ಪನವರ ಸಮಿತಿ ಕೂತು 1976ರಲ್ಲಿ ವರದಿ ಕೊಟ್ಟಿತು. ಪ್ರತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಅದರಲ್ಲಿ ಹೇಳಿತ್ತು. ಆಮೇಲೆ ಸರ್ಕಾರ ಅದನ್ನು ಹಿಗ್ಗಿಸಿ 700 ಜನಕ್ಕೆ ಒಬ್ಬರು ಅಂತ ಲೆಕ್ಕ ಕಟ್ಟಿತು. 500 ಎಲ್ಲಿ, 700 ಎಲ್ಲಿ. ಕಾಗದದ ಮೇಲೆ ಇದು ಬರೀ ಒಂದು ಅಂಕಿಯ ವ್ಯತ್ಯಾಸ. ನಾವು ಆರ್ಟ್ಸ್ ಓದಿದವರು, ಲೆಕ್ಕದಲ್ಲಿ ಹಿಂದೆ, ಆದರೂ ಈ ಲೆಕ್ಕ ಮಾಡಿ ನೋಡಿದೆವು. 2011ರ ಗಣತಿಯಲ್ಲಿ ಮೈಸೂರು ನಗರದ ಜನ 9 ಲಕ್ಷದ ಆಸುಪಾಸು. 500ಕ್ಕೆ ಒಬ್ಬರು ಅಂದರೆ 1,800 ಜನ ಬೇಕು. 700ಕ್ಕೆ ಒಬ್ಬರು ಅಂದರೆ 1,285 ಸಾಕು. ಮಧ್ಯದ 515 ಜನ ಎಲ್ಲಿ ಹೋದರು? ಎಲ್ಲೂ ಹೋಗಲಿಲ್ಲ. ಅವರು ಹುಟ್ಟಲೇ ಇಲ್ಲ. ಅವರು ಗುಡಿಸಬೇಕಾದ ರಸ್ತೆಯನ್ನು ಮಿಕ್ಕವರು ಗುಡಿಸುತ್ತಾರೆ. ಸೊಂಟ ಒಂದೇ, ಬೀದಿ ಒಂದೂವರೆ.

ಅದೂ 2011ರ ತಲೆಗಳ ಮೇಲೆ. 2021ರಲ್ಲಿ ಆಗಬೇಕಾಗಿದ್ದ ಗಣತಿ ಕೊರೊನಾ ಅಂತ ಮುಂದಕ್ಕೆ ಹೋಯ್ತು, ಕೊರೊನಾ ಹೋದ ಮೇಲೂ ಬರಲಿಲ್ಲ. 2025ರ ಜೂನಿನಲ್ಲಿ ಹೊರಟ ಅಧಿಸೂಚನೆ 2027ರ ಮಾರ್ಚ್ 1ನ್ನು ಎಣಿಕೆಯ ದಿನ ಅಂತ ಗೊತ್ತುಮಾಡಿತು. ಹದಿನಾರು ವರ್ಷ! 2011ರಲ್ಲಿ ಹುಟ್ಟಿದ ಕೂಸು ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮ ಹಾಸ್ಟೆಲಿನ ಬಾಗಿಲಿಗೆ ಬರುವಷ್ಟು ಕಾಲ. ಅಷ್ಟರಲ್ಲಿ ಊರು ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ ಕಡೆಗೆಲ್ಲ ಹರಿದುಹೋಯ್ತು. ಅವು ಪಟ್ಟಣ ಪಂಚಾಯ್ತಿಗಳಾದವು, ಹೂಟಗಳ್ಳಿ ನಗರಸಭೆಯಾಯ್ತು. ನಿನ್ನೆ ಹೊಲವಾಗಿದ್ದ ಕಡೆ ಇವತ್ತು ಮೂರಂತಸ್ತಿನ ಮನೆ. ಆ ಮನೆಯ ಕಸ ಯಾವ ಗಣತಿಯಲ್ಲಿದೆ? ದಸರಾಕ್ಕೆ ಬರುವ ಲಕ್ಷಾಂತರ ಜನ ಯಾವ 700ರ ಒಳಗೂ ಬರುವುದಿಲ್ಲ. ಅವರು ಎಸೆದ ಎಲೆ, ಬಾಟಲಿ, ಪ್ಲಾಸ್ಟಿಕ್ಕು ಮಾತ್ರ ಪೊರಕೆಯ ಮುಂದೆ ಬರುತ್ತವೆ. ಆನೆಯ ಲದ್ದಿಯೂ.

ಇದನ್ನು ಮಾತಾಡುವಾಗ ನಮ್ಮೊಳಗೇ ಜಗಳ ಆಯ್ತು. "ಪೊರಕೆ ಬಿಸಾಕಿ ಅನ್ನೋದು ಬಿಟ್ಟು ಪೊರಕೆ ಹೆಚ್ಚಿಸಿ ಅಂತೀರಲ್ಲ, ಏನ್ರಪ್ಪಾ ನಿಮ್ಮ ಚಳವಳಿ?" ಅಂತ ಒಬ್ಬ ಕೇಳಿದ. ಅವನ ಪ್ರಶ್ನೆ ಸುಳ್ಳಲ್ಲ. ನಮ್ಮ ಮಕ್ಕಳ ಕೈಗೆ ಪೊರಕೆ ಬರಬಾರದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಬಿಸಾಕುವ ದಿನ ಬರುವ ತನಕ, ಎಣಿಕೆಗೆ ಬಾರದ ಪ್ರತಿಯೊಂದು ಪೊರಕೆಯ ಕೆಲಸವನ್ನೂ ನಮ್ಮವ್ವನೇ ಎರಡನೇ ಸಲ ಮಾಡುತ್ತಾಳೆ. ಹೊಸ ಜಾಗಗಳು ಖಾಯಂ ಆಗಿ, ಸಂಬಳ ಸರಿಯಾಗಿ ಬಂದು, ಅದಕ್ಕೆ ಮೇಲುಜಾತಿಯವರೂ ಅರ್ಜಿ ಹಾಕಿದರೆ ಹಾಕಲಿ, ನಮಗೆ ಸಂತೋಷವೇ. ಆದರೆ ಪೊರಕೆ ಹಿಡೀಬೇಕು. ಪೊರಕೆ ಹೆಸರಲ್ಲಿ ಸಂಬಳ ತಗೊಂಡು ಮೇಜು ಹಿಡೀಬಾರದು.

ಖಾಯಮ್ಮಿನ ಕತೆಯೂ ಸಣ್ಣದಲ್ಲ. ವರ್ಷಾನುಗಟ್ಟಲೆ ಕಂಟ್ರಾಕ್ಟುದಾರ ಮಧ್ಯದಲ್ಲಿ ನಿಂತು ಸಂಬಳವನ್ನು ಕತ್ತರಿಸಿ ಕೊಡುತ್ತಿದ್ದ. ಕೂಗಾಡಿ ಕೂಗಾಡಿ 2017ರಲ್ಲಿ ಗುಡಿಸುವವರಿಗೆ ನೇರ ಪಾವತಿ ಅಂತ ಸರ್ಕಾರ ತೀರ್ಮಾನಿಸಿತು. ಆದರೆ ಗಾಡಿ ಓಡಿಸುವವನು, ಕಸ ತುಂಬುವವನು, ಒಳಚರಂಡಿ ಕೆಲಸದವನು ಹೊರಗುಳಿದರು. ಒಂದೇ ಗಾಡಿಯಲ್ಲಿ ಹೋಗುವ ಇಬ್ಬರನ್ನು ಎರಡು ಜಾತಿ ಮಾಡಿದ ಹಾಗೆ. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಕೂತರು. ಅದೇ ವರ್ಷ 11,133 ಹುದ್ದೆಗಳನ್ನು ಖಾಯಂ ಮಾಡುವ ತೀರ್ಮಾನ ಬಂತು. ಕೇಳಿದ್ದಕ್ಕೆ ಬಂತು, ಕೇಳಿದ ಅಷ್ಟಕ್ಕೇ ಬಂತು. ಮ್ಯಾನ್‌ಹೋಲಿಗೆ ಇಳಿದು ಸತ್ತವನ ಮನೆಗೆ 30 ಲಕ್ಷ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದಕ್ಕೂ ಹತ್ತು ವರ್ಷ ಮುಂಚೆ, 2013ರಲ್ಲೇ, ಇಳಿಸಬಾರದು ಅಂತ ಕಾನೂನು ಬಂದಿತ್ತು. ಇಳಿಸಬಾರದ ಕಡೆ ಇಳಿದವರಿಗೆ ಪರಿಹಾರದ ದರ ಏರುತ್ತಾ ಹೋಗುತ್ತಿದೆ!

ಪರೀಕ್ಷೆಗೆ ಕೂತಿರುವ ಗೆಳೆಯರು ಸಂವಿಧಾನದ ಹನ್ನೆರಡನೇ ಷೆಡ್ಯೂಲನ್ನು ಬಾಯಿಪಾಠ ಮಾಡಿರುತ್ತೀರಿ. 74ನೇ ತಿದ್ದುಪಡಿ, 1993ರಿಂದ ಜಾರಿ, ನಗರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳು. ಅದನ್ನು ಮಾರ್ಕ್ಸಿಗಾಗಿ ಅಲ್ಲದೆ ಒಂದು ಸಲ ನಮ್ಮ ಕೇರಿಯ ಕಣ್ಣಿಂದ ಓದಿ. ಕಸ ಮತ್ತು ನೈರ್ಮಲ್ಯ ಅಲ್ಲಿದೆ. ಸ್ಮಶಾನ, ಹೂಳುವುದು ಸುಡುವುದು ಇದೆ. ದನದ ದೊಡ್ಡಿ ಇದೆ. ಕಸಾಯಿಖಾನೆ, ಚರ್ಮ ಹದ ಮಾಡುವ ಜಾಗದ ಉಸ್ತುವಾರಿ ಇದೆ. ಸತ್ತವರ ಹೆಸರು ಬರೆಯುವುದೂ ಇದೆ. ಇವೆಲ್ಲ ಎಲ್ಲಿ ಕೇಳಿದ ಹಾಗಿದೆ? ಹಳ್ಳಿಯಲ್ಲಿ ನಮ್ಮ ತಾತನಿಗೆ ಗೌಡರ ಚಾವಡಿಯಲ್ಲಿ ಒಪ್ಪಿಸಿದ್ದ ಚಾಕರಿಯ ಪಟ್ಟಿಯೇ ಅಲ್ಲವಾ ಇದು? ಗುಡಿಸು, ಗುಂಡಿ ತೋಡು, ಸತ್ತ ದನ ಎಳಿ, ಚರ್ಮ ಬಿಡಿಸು, ಸಾವಿನ ಸುದ್ದಿ ಮುಟ್ಟಿಸು. ಬಿಟ್ಟಿ ಚಾಕರಿ ಹೋಯ್ತು, ಪುರಸಭೆ ಬಂತು. ಆದರೆ ಕೆಲಸದ ಪಟ್ಟಿಯ ಜೊತೆಗೆ ಕೆಲಸದವರೂ ಹಾಗೇ ಬಂದುಬಿಟ್ಟರು. ಅದೇ ಷೆಡ್ಯೂಲಿನ 9ನೇ ನಂಬರಿನಲ್ಲಿ ದುರ್ಬಲ ವರ್ಗಗಳ ಹಿತ ಕಾಯುವುದು ಅಂತಲೂ ಇದೆ. 6ನೇ ನಂಬರಿನ ಕಸ ಎತ್ತುವವನೂ 9ನೇ ನಂಬರಿನ ದುರ್ಬಲನೂ ಒಬ್ಬನೇ ಅನ್ನುವುದು ಬರೆದವರಿಗೆ ಹೊಳೆಯಿತೋ ಇಲ್ಲವೋ.

ಇನ್ನು ಗಣತಿ. 2011ರ ಗಣತಿಯ ಮನೆಪಟ್ಟಿ ಮಾಡುವಾಗ ಕಕ್ಕಸಿನ ಬಗ್ಗೆ ವಿವರವಾಗಿ ಕೇಳಿದ್ದರು. ಕೊಳವೆಗೆ ಹೋಗುತ್ತಾ, ಗುಂಡಿಗೆ ಹೋಗುತ್ತಾ, ಬಯಲು ಚರಂಡಿಗೆ ಹೋಗುತ್ತಾ. ಅದರಲ್ಲೇ ಒಂದು ಬಗೆ: ಮನುಷ್ಯರು ಎತ್ತುವ ಮಲ. ದೇಶದಲ್ಲಿ ಅಂಥವು 7,94,390, ನಮ್ಮ ರಾಜ್ಯದಲ್ಲಿ 7,740. 1993ರಲ್ಲೇ ನಿಷೇಧವಾದ ಪದ್ಧತಿ ಇದು! ಕಕ್ಕಸನ್ನು ಎಣಿಸಿದರು, ಸರಿ. ಎತ್ತುವ ಆ ಮನುಷ್ಯ ಯಾರು, ಅವನ ಜಾತಿ ಯಾವುದು, ಅವನ ಮಗಳು ಇಸ್ಕೂಲಿಗೆ ಹೋಗುತ್ತಾಳಾ ಅಂತ ಆ ಕಾಲಮ್ಮಿನಲ್ಲಿ ಕೇಳಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಪುರಸಭೆಯ ಮುಂದೆ ಮಲವನ್ನು ಮೈಗೆ ಸುರಿದುಕೊಂಡು ನಿಂತರು. ಇದ್ದ ಜಾಗದಿಂದ ಎಬ್ಬಿಸಬೇಡಿ ಅಂತ. ಆಗ ರಾಜ್ಯಕ್ಕೆ ಗೊತ್ತಾಯ್ತು, ಇವರೂ ಇದ್ದಾರೆ ಅಂತ. ಎಣಿಕೆಗೆ ಸೇರಲಿಕ್ಕೆ ಮನುಷ್ಯ ಇಷ್ಟು ಮಾಡಬೇಕಾ?

ಈಗ ನಮ್ಮ ಮೇಲೆ ನಾವೇ ಹೇರಿಕೊಂಡ ಒಂದು ತಪ್ಪಿನ ಮಾತು. ರೂಮು ಬಾಡಿಗೆಗೆ ಕೇಳಲು ಹೋದಾಗ "ನೀವು ಯಾವ ಜನ?" ಅಂತಾರೆ. ನಾವು ಬಾಯಿಗೆ ಬಂದ ಜಾತಿ ಹೇಳ್ತೀವಿ. ಹೆಸರು ಬದಲಾಯಿಸಿಕೊಂಡವರಿದ್ದಾರೆ, ಗೋಡೆಯಿಂದ ಬಾಬಾಸಾಹೇಬರ ಪಟ ತೆಗೆದಿಟ್ಟವರಿದ್ದಾರೆ. ಇದಕ್ಕೆ ನಾವು ಯಾರನ್ನೂ ಬೈಯುವುದಿಲ್ಲ. ತಲೆ ಮೇಲೆ ಸೂರು ಬೇಕು. ಆದರೆ ಎಣಿಸಲು ಬಂದವನ ಹತ್ತಿರವೂ ಅದೇ ಸುಳ್ಳು ಹೇಳಿದರೆ? 2025ರಲ್ಲಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ನಡೆದಾಗ ಹಳ್ಳಿಗಳಲ್ಲಿ ಆದಷ್ಟು ಎಣಿಕೆ ಬೆಂಗಳೂರಿನಲ್ಲಿ ಆಗಲಿಲ್ಲ. ಲಕ್ಷಾಂತರ ಜನ ಆದಿಕರ್ನಾಟಕ, ಆದಿದ್ರಾವಿಡ, ಆದಿಆಂಧ್ರ ಅಂತಷ್ಟೇ ಬರೆಸಿ, ಹೊಲೆಯ ಅಥವಾ ಮಾದಿಗ ಅಂತ ಬರೆಸದೆ ಉಳಿದರು. ಬಾಡಿಗೆ ಮನೆಯ ಓನರು ಪಕ್ಕದಲ್ಲೇ ನಿಂತಿರುವಾಗ ಯಾರು ತಾನೆ ಬಾಯಿ ಬಿಟ್ಟಾರು? ಹಳ್ಳಿಯಲ್ಲಿ ಕೇರಿ ಗೊತ್ತು, ಕೇಳಬೇಕಾಗಿಲ್ಲ. ಪಟ್ಟಣ ನಮ್ಮನ್ನು ಮುಂಬಾಗಿಲಲ್ಲಿ ಅಡಗಿಸುತ್ತದೆ, ಹಿಂದಿನ ಗಲ್ಲಿಯಲ್ಲಿ ಮಾತ್ರ ಗುರುತು ಹಿಡಿಯುತ್ತದೆ. 2027ರ ಗಣತಿಯಲ್ಲಿ ಜಾತಿಯನ್ನೂ ಕೇಳುತ್ತಾರೆ. 1931ರ ಮೇಲೆ ದೇಶದ ಗಣತಿಯಲ್ಲಿ ಎಲ್ಲರ ಜಾತಿ ಎಣಿಸುವುದು ಇದೇ ಮೊದಲು. ವಾರ್ಡುಗಳಲ್ಲಿ ನಮಗೆ ಎಷ್ಟು ಸೀಟು ಮೀಸಲು ಅನ್ನುವುದು ಈ ತಲೆಗಳ ಮೇಲೆ ನಿಂತಿದೆ. 700ಕ್ಕೆ ಒಬ್ಬರು ಅನ್ನುವ ಲೆಕ್ಕವೂ. ನಿಮ್ಮ ಮನೆಯ ಸುಳ್ಳು ಮನೆಯ ಓನರಿಗೆ ಇರಲಿ, ಗಣತಿಯವನಿಗೆ ಬೇಡ.

ಇನ್ನೊಂದು ಅಂಕಿಯನ್ನು ಬರೆದಿಟ್ಟುಕೊಳ್ಳಿ: ಶೇ. 24.10. ನಗರ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಇಷ್ಟು ಪಾಲನ್ನು ಪರಿಶಿಷ್ಟರಿಗೆ ಅಂತ ತೆಗೆದಿಡಬೇಕು. ಕಂದಾಯ, ನೀರಿನ ಬಿಲ್ಲು, ಅಂಗಡಿ ಬಾಡಿಗೆ, ಎಲ್ಲದರಲ್ಲೂ ಹತ್ತು ರೂಪಾಯಿಗೆ ಎರಡೂ ಕಾಲು ರೂಪಾಯಿಯ ಮೇಲೆ. ಅದು ಯಾವ ರಸ್ತೆಗೆ ಟಾರಾಯ್ತು, ಯಾವ ಕಮಾನಿಗೆ ಬಣ್ಣವಾಯ್ತು, ನಮ್ಮ ಯಾವ ಹುಡುಗಿಯ ಫೀಸಾಯ್ತು ಅಂತ ಕೇಳಲು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಸಾಕು. ನಾವು ಟೀ ಕುಡಿಯುವ ದುಡ್ಡು.

ನಾವು ಕೆಲವರು ಒಂದು ಕೆಲಸ ಶುರುಮಾಡುತ್ತಿದ್ದೇವೆ. ಮೈಸೂರಿನಲ್ಲಿ 65 ವಾರ್ಡುಗಳಿವೆ. ಭಾನುವಾರ ಬೆಳಗ್ಗೆ, ಹಾಜರಿ ಹಾಕುವ ಹೊತ್ತಿಗೆ ಮುಂಚೆಯೇ, ಇಬ್ಬಿಬ್ಬರು ಒಂದೊಂದು ವಾರ್ಡಿನಲ್ಲಿ ನಿಂತು ಎಣಿಸುವುದು. ಎಷ್ಟು ಪೊರಕೆ, ಎಷ್ಟು ಕೈಗವಸು, ಎಷ್ಟು ಬರಿಗಾಲು, ಖಾಯಂ ಎಷ್ಟು, ನೇರ ಪಾವತಿ ಎಷ್ಟು, ಕಂಟ್ರಾಕ್ಟು ಎಷ್ಟು. ನೋಟ್‌ಬುಕ್ಕು, ಪೆನ್ನು ತನ್ನಿ. ಕ್ಯಾಮೆರಾ ತರಬೇಡಿ, ಅವ್ವಂದಿರು ಮುಜುಗರ ಪಡ್ತಾರೆ. ಆ ಗೆಳೆಯ, ಅರ್ಜಿಯಲ್ಲಿ 'ಸರ್ಕಾರಿ ನೌಕರಿ' ಅಂತ ಬರೀತಿದ್ದವನು, ತನ್ನ ತಾಯಿ ಗುಡಿಸುವ ವಾರ್ಡನ್ನು ತನಗೇ ಕೊಡಿ ಅಂತ ಕೇಳಿದ್ದಾನೆ. ಅವನ ಜೊತೆಗೆ ಇನ್ನೊಬ್ಬ ಬೇಕು.