ಕಲಾವಿದನ ಮನೆಯಲ್ಲಿ ಅರಿವು ಯಾವುದು?

ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮ ಬಳಿ ಬಂದು ಕುಳಿತರು. ಅವರ ಮಗ ಭಜನಾ ಮೇಳದಲ್ಲಿ ಪೇಟಿ ನುಡಿಸುವವನು. ‘ಅಜ್ಜಾರ, ಅವಗ ಹಾಡಿಕಿ ತಿಳದ ಹೆಣ್ಣು ತರೂದೋ, ಹೊಲಾ ಮನಿ ತಿಳದಾಕಿ ಸಾಕೋ?’ ಎಂದು ಕೇಳಿದರು. ಪ್ರಶ್ನೆ ಸಣ್ಣದು. ಆದರೆ ಅದರೊಳಗೆ ಒಬ್ಬನ ವಿದ್ಯೆ, ಒಬ್ಬಳ ಬಾಳು ಎರಡೂ ಇವೆ.

ಹಾಡುವವರ, ಆಟ ಕಟ್ಟುವವರ ಮನೆಗಳಲ್ಲಿ ಎರಡು ದೂರುಗಳನ್ನು ನಾವು ಕೇಳುತ್ತೇವೆ. ‘ನನ್ನ ಕಲೆಯ ಬೆಲೆ ನನ್ನ ಮನೆಯವಳಿಗೇ ತಿಳಿಯದು’ ಎಂಬುದು ಗಂಡನ ದೂರು. ‘ಇವರು ರಾತ್ರಿಯೆಲ್ಲ ಆಟಕ್ಕೆ ಹೋದರೆ ಬೆಳಿಗ್ಗೆ ಎತ್ತಿಗೆ ಮೇವು ಹಾಕುವವರು ಯಾರು?’ ಎಂಬುದು ಹೆಂಡತಿಯ ದೂರು. ಎರಡೂ ಸುಳ್ಳಲ್ಲ.

ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳನ್ನು ಇಲ್ಲಿ ನೆನೆಯಬೇಕು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಹೆಚ್ಚಿನದನ್ನು ತಿರುಗಿ ಸುರಿದು ಬರಲು ಹೇಳಿದರು. ಅನುಭಾವದ ಮಾತಿನಲ್ಲಿ ಪತಿ ಮೈಮರೆತಾಗ ಕಾಯಕ ನಿಂತಿತೆಂದು ಎಚ್ಚರಿಸಿದವರೂ ಅವರೇ.

ಇದೇ ನಿಜವಾದ ಅರಿವು. ಹೊಗಳುವುದನ್ನು ಅರಿವೆಂದು ತಿಳಿಯಬಾರದು. ಗಂಡ ಮಾಡುವ ಕೆಲಸ ಯಾತಕ್ಕಾಗಿ, ಅದರ ಮಿತಿ ಎಲ್ಲಿ ಎಂಬುದು ಲಕ್ಕಮ್ಮನವರಿಗೆ ಗೊತ್ತಿತ್ತು. ತಿದ್ದಿದ ಮಾತನ್ನು ಮಾರಯ್ಯನವರು ಕೇಳಿದರು. ಹೇಳುವವಳಿದ್ದು ಕೇಳುವವನಿಲ್ಲದಿದ್ದರೆ ಆ ಅರಿವಿನಿಂದ ಏನು ಫಲ?

ಮದುವೆಯೇ ಇಲ್ಲದವರೂ ವಿದ್ಯೆಯಲ್ಲಿ ಬೆಳೆದಿಲ್ಲವೇ ಎಂದು ಕೇಳಬಹುದು. ಬೆಳೆದಿದ್ದಾರೆ. ನಮ್ಮ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು, ಬ್ರಹ್ಮಚಾರಿಗಳು. ಅವರ ಕಂಠದ ಬೆಲೆಯನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಅರಿತರು, ಸಂಗೀತ ಕಲಿಸಿದರು. ಆ ಒಬ್ಬರ ಅರಿವಿನಿಂದ ಮುಂದೆ ಗದುಗಿನ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸ್ವರದ ದಾರಿ ತೆರೆಯಿತು. ಹೀಗೆ ವಿದ್ಯೆಗೆ ಅರಿತವರೊಬ್ಬರು ಬೇಕು. ಅದು ಸತಿಯೇ ಆಗಬೇಕೆಂಬ ಕಟ್ಟಳೆ ಇಲ್ಲ. ಆದರೆ ಕೈಹಿಡಿದ ಮೇಲೆ ಆ ಅರಿವನ್ನು ಮನೆಯ ಹೊರಗೆ ಮಾತ್ರ ಹುಡುಕುವುದು ಸರಿಯಲ್ಲ.

ಇನ್ನೊಂದು ಮಾತು. ಕಲಾವಿದ ಎಂದರೆ ಗಂಡೆಂದೇ ನಾವು ತಿಳಿಯುತ್ತೇವೆ. ತವರಿನಲ್ಲಿ ಸೋಬಾನೆ ಹಾಡಿದ ಹುಡುಗಿ, ಚಂದದ ಕೌದಿ ಹೊಲಿದ ಹುಡುಗಿ ಅತ್ತೆಯ ಮನೆಗೆ ಬಂದ ಮೇಲೆ ಸುಮ್ಮನಾದರೆ ಯಾರೂ ಕೇಳುವುದಿಲ್ಲ. ಲಕ್ಕಮ್ಮನವರು ಸ್ವತಃ ವಚನಕಾರ್ತಿ. ಅವರ ಅಂಕಿತದಲ್ಲಿ ಮಾರಯ್ಯನವರ ಹೆಸರಿದೆ. ಮಾತು ಮಾತ್ರ ಅವರದೇ. ಗಂಡನನ್ನು ತಿದ್ದುವ ಮಾತೂ ಆ ವಚನಗಳಲ್ಲಿದೆ.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ. ಹೆಣ್ಣಿಗೆ ರಾಗ ತಾಳ ತಿಳಿದಿದೆಯೇ ಎಂದು ಪರೀಕ್ಷೆ ಮಾಡಬೇಡಿರಿ. ಮಗ ರಾತ್ರಿ ಭಜನೆಗೆ ಹೋಗುವವನು ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಿರಿ. ಆಕೆ ಒಪ್ಪಿದರೆ ಮುಂದಿನ ಮಾತು. ಆಮೇಲೆ ಮಗನನ್ನು ಕರೆದು ಕೇಳಿರಿ: ‘ನೀನು ಪೇಟಿ ನುಡಿಸುವ ಹೊತ್ತಿಗೆ ಆಕೆ ಏನು ಮಾಡುತ್ತಿರುತ್ತಾಳೆ, ಬಲ್ಲೆಯಾ?’ ಇದಕ್ಕೆ ಉತ್ತರ ಬಲ್ಲವನು ಮದುವೆಗೆ ಸಿದ್ಧನಾದವನು. ಅವನ ಪೇಟಿಯ ಸ್ವರವನ್ನು ಮೊದಲು ಅವನ ಮನೆಯೇ ಕೇಳುತ್ತದೆ.