ಪುಸ್ತಕಭಂಡಾರವೂ ಆಪತ್ತಿನ ಅಳತೆಯೂ

ಆಪತ್ತಿಗೆ ಮುನ್ನವೇ ಏರ್ಪಾಡು ಮಾಡಿಕೊಳ್ಳಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಎಷ್ಟು ದೊಡ್ಡ ಆಪತ್ತಿಗೆ ಎಂಬಲ್ಲಿ ಮಾತ್ರ ತೊಡಕು. ಗೆದ್ದಲಿಗೋ, ಸೋರುವ ಮಾಡಿಗೋ, ಊರಿಗೆ ಊರೇ ಮುಳುಗುವ ಪ್ರವಾಹಕ್ಕೋ? ಪುಸ್ತಕಭಂಡಾರಗಳ ವಿಷಯದಲ್ಲಿ ಈ ಪ್ರಶ್ನೆ ಎದ್ದಾಗ, "ಊರೇ ಹೋದ ಮೇಲೆ ಪುಸ್ತಕ ಉಳಿದು ಫಲವೇನು?" ಎನ್ನುವವರುಂಟು.

ಜವಳಿ ಅಂಗಡಿಗೆ ಈ ಮಾತು ಒಪ್ಪೀತು. ಅದರ ಗಿರಾಕಿಗಳು ಊರಿನವರು. ಊರು ಚದುರಿದರೆ ವ್ಯಾಪಾರವೂ ಮುಗಿಯಿತು. ಪುಸ್ತಕಭಂಡಾರದ ಗಿರಾಕಿಗಳೋ (ಪಂಡಿತರು ಈ ಪದವನ್ನು ಮನ್ನಿಸಲಿ) ದೂರದೂರುಗಳಲ್ಲಿ ಹರಡಿಕೊಂಡಿದ್ದಾರೆ. ಹಲವರು ಇನ್ನೂ ಹುಟ್ಟಿಯೇ ಇಲ್ಲ. ಆಪತ್ತು ಕಳೆದ ಮೇಲೆ ಗ್ರಂಥವನ್ನು ಕೇಳಿಕೊಂಡು ಬರುವವರು ಎಲ್ಲಿರುವರೋ ಅಲ್ಲಿಯವರೆಗೆ ಏರ್ಪಾಡಿನ ಗೆರೆ ಚಾಚಬೇಕೆಂಬುದು ನನ್ನ ಮತ. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ, ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ನೆನೆದುವು. ಅವನ್ನೆತ್ತಲು ನೆರೆದ ತರುಣರಲ್ಲಿ ಅನೇಕರು ಪರದೇಶದವರು.

ಆಪತ್ತುಗಳ ಪಟ್ಟಿ ಬರೆದು ಕುಳಿತುಕೊಳ್ಳುವುದರಲ್ಲಿ ನನಗೆ ನಂಬಿಕೆ ಕಡಮೆ. ಜರ್ಮನಿಯ ಕಲೋನ್ ನಗರದ ದಾಖಲೆಗಳು ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಪಾರಾಗಿ ಉಳಿದಿದ್ದುವು. 2009ರ ಮಾರ್ಚ್ 3ರಂದು, ನೆಲದಡಿಯ ರೈಲುಮಾರ್ಗದ ಕಾಮಗಾರಿಯ ಪಕ್ಕದಲ್ಲಿ, ಅವುಗಳ ಕಟ್ಟಡವೇ ಕುಸಿಯಿತು. ನೆರೆಮನೆಯ ಇಬ್ಬರು ಸತ್ತರು. ಇಂಥದನ್ನು ಯಾವ ಸಮಿತಿ ತನ್ನ ಪಟ್ಟಿಯಲ್ಲಿ ಬರೆದೀತು? ಆದರೂ ಹಳೆಯ ದಾಖಲೆಗಳಲ್ಲಿ ಎಷ್ಟೋ ಭಾಗದ ಫಿಲ್ಮ್ ಪ್ರತಿಗಳು ದೂರದ ಬೆಟ್ಟವೊಂದರ ಹಳೆಯ ಗಣಿಯಲ್ಲಿ ಭದ್ರವಾಗಿದ್ದುವು. ಕೇಡಿನ ಹೆಸರು ತಿಳಿಯದಿದ್ದರೂ ದೂರವೇ ಕಾಪಾಡಿತು.

ಎಲ್ಲ ಪುಸ್ತಕಕ್ಕೂ ಇಷ್ಟು ಕಾವಲು ಬೇಕಿಲ್ಲ. ನೂರು ಕಡೆ ಸಿಕ್ಕುವ ಕಾದಂಬರಿಗೆ ಬೆಂಕಿ, ಗೆದ್ದಲುಗಳ ಎಚ್ಚರ ಸಾಕು. ಮೈಸೂರಿನಲ್ಲಿ ದೊರೆತ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದ ಮೇಲೆ ಆ ಗ್ರಂಥದ ಪಾಠ ಒಂದು ಊರಿನ ಅದೃಷ್ಟವನ್ನು ನೆಚ್ಚಿಕೊಂಡಿಲ್ಲ. ಇನ್ನೂ ಅಚ್ಚಾಗದ, ಒಂದೇ ಪ್ರತಿಯಿರುವ ಕಟ್ಟುಗಳದೇ ಚಿಂತೆ. ಇಂದು ಅವುಗಳ ಚಿತ್ರ ತೆಗೆದು, ಆ ಪ್ರತಿಯನ್ನೂ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿಯೇ ಇಟ್ಟು ನಿಶ್ಚಿಂತರಾಗುವವರುಂಟು. ಅದು ಗೆದ್ದಲಿಗೆ ಉತ್ತರವಾದೀತು, ಬೆಂಕಿಗೂ ಅಲ್ಲ. ಮೈಸೂರಿನ ಪ್ರತಿ ಧಾರವಾಡದಲ್ಲಿಯೂ ಧಾರವಾಡದ್ದು ಮೈಸೂರಿನಲ್ಲಿಯೂ ಇರಲಿ. ಅದಕ್ಕೆ ಬೇಕಾದುದು ಒಂದೊಂದು ಬೀರು, ವರ್ಷಕ್ಕೊಮ್ಮೆ ಅದನ್ನು ತೆರೆದು ನೋಡುವ ಒಬ್ಬ ಗುಮಾಸ್ತ.