ಚೀಲವಲ್ಲ, ಒಡಲು

ನಮ್ಮ ಬಾರಾಮತಿಯ ಕನ್ನಡ ಬಳಗದ ರಾಜ್ಯೋತ್ಸವ ಸಿದ್ಧತಾ ಸಭೆಯೊಂದರಲ್ಲಿ ನಡೆದ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಧ್ವಜಾರೋಹಣ, ಭಾವಗೀತೆ, ಮಕ್ಕಳ ವೇಷಭೂಷಣ, ಹೋಳಿಗೆ ಊಟ ಎಲ್ಲವೂ ನಿರ್ವಿಘ್ನವಾಗಿ ತೀರ್ಮಾನವಾದವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸೋದರಿಯೊಬ್ಬರು ಎದ್ದು ನಿಂತು, "ಈ ಸಲ ಹೆಣ್ಣುಮಕ್ಕಳ ಒಳಗಿನ ಬ್ಯಾನಿ ಬಗ್ಗೆ ಡಾಕ್ಟರ್ ಬಾಯಿಂದ ಕನ್ನಡದಾಗ ನಾಲ್ಕು ಮಾತು ಹೇಳಿಸೋಣ್ರೀ" ಎಂದರು. ಸಭೆ ಒಮ್ಮೆಲೇ ಸ್ತಬ್ಧವಾಯಿತು. ಹಿರಿಯ ಸದಸ್ಯರೊಬ್ಬರು ನಗುತ್ತಲೇ, "ತಂಗೀ, ಅದು ವೇದಿಕೆ ಮ್ಯಾಲಿನ ಮಾತಲ್ಲವಾ. ಬೇಕಿದ್ರ ಅರಿಶಿನ-ಕುಂಕುಮದ ಕಾರ್ಯಕ್ರಮ ಇಟ್ಟುಕೊಳ್ರಿ" ಎಂದರು. ಆ ಸೋದರಿ ಸೆರಗು ಸರಿಪಡಿಸಿಕೊಂಡು ಕುಳಿತುಬಿಟ್ಟರು. ನಾನೂ ಆ ಸಭೆಯಲ್ಲಿದ್ದೆ. ನಾನೂ ಬಾಯಿ ತೆರೆಯಲಿಲ್ಲ. ಅಂದಿನ ಮೌನಕ್ಕೆ ಇಂದು ಈ ಲೇಖನದ ಮೂಲಕ ದಂಡ ತೆರುತ್ತಿದ್ದೇನೆ.

'ವೇದಿಕೆಯ ಮಾತಲ್ಲ' ಎಂಬ ಈ ವಾಕ್ಯವನ್ನೇ ನಾನು ಪ್ರಶ್ನಿಸಬಯಸುತ್ತೇನೆ. ತಾಯಿ ಭುವನೇಶ್ವರಿಯ ಚಿತ್ರಕ್ಕೆ ಹಾರ ಹಾಕಿ, ಕನ್ನಡವನ್ನು ತಾಯ್ನುಡಿ ಎಂದು ಕೊಂಡಾಡಿ, ಆ ತಾಯಿಯ ಒಡಲಿನ ನೋವನ್ನು ಮಾತ್ರ ಅದೇ ತಾಯ್ನುಡಿಯಲ್ಲಿ ಹೇಳಬಾರದೆಂದು ವಿಧಿಸುವುದು ಯಾವ ನ್ಯಾಯ? ವೇದಿಕೆಯ ಮೇಲೆ ಆಡದ ಮಾತು ಮನೆಯಲ್ಲಿಯೂ ಆಡದೆ ಉಳಿಯುತ್ತದೆ. ಮನೆಯಲ್ಲಿ ಆಡದ ಮಾತು ವೈದ್ಯರ ಎದುರಿನಲ್ಲಿ ತುಟಿಗೆ ಬರುವುದಿಲ್ಲ. ವೈದ್ಯರಿಗೆ ಹೇಳಲಾರದ ನೋವು ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬಂದು ನಿಲ್ಲುತ್ತದೆ.

ಇದು ಉತ್ಪ್ರೇಕ್ಷೆಯೆಂದು ಭಾವಿಸುವವರು ನಾವು ನೆಲೆಸಿರುವ ಈ ಊರಿನ ಸುತ್ತಮುತ್ತ ಕಣ್ಣು ಹಾಯಿಸಬೇಕು. ಕವಿ ಮೋರೋಪಂತರ ಊರಾದ ಬಾರಾಮತಿ ಇಂದು ಕಬ್ಬಿನ ಊರು. ನೀರಾ ಎಡದಂಡೆ ಕಾಲುವೆಯ ಆಶ್ರಯದಲ್ಲಿ ಬೆಳೆದ ಕಬ್ಬನ್ನು ಮಾಳೇಗಾವ, ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಗಳು ಅರೆಯುತ್ತವೆ. ದೀಪಾವಳಿಯ ಸುಮಾರಿಗೆ ಬೀಡ ಜಿಲ್ಲೆಯ ಕಡೆಯಿಂದ ಗಂಡಹೆಂಡಿರು ಮಕ್ಕಳುಮರಿಯೊಂದಿಗೆ ಗಾಡಿ ಹೂಡಿಕೊಂಡು ಪಶ್ಚಿಮ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಇಳಿಯುತ್ತಾರೆ. ನಮ್ಮ ಗಡಿಭಾಗದ ಕನ್ನಡ ಕುಟುಂಬಗಳೂ ಈ ಸುಗ್ಗಿಯ ಕೂಲಿಗೆ ಹೊರತಲ್ಲ. ಇಲ್ಲಿ ಗಂಡಹೆಂಡತಿ ಇಬ್ಬರನ್ನೂ ಸೇರಿಸಿ ಒಂದು 'ಕೊಯ್ತಾ' ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಒಂದು ಹತ್ಯಾರದ ಹೆಸರು! ಮುಕಾದಮನು ಮೊದಲೇ 'ಉಚಲ್' ಎಂಬ ಮುಂಗಡ ಕೊಟ್ಟಿರುತ್ತಾನೆ. ಒಂದು ದಿನ ಕೆಲಸ ತಪ್ಪಿದರೆ ಅದು 'ಖಾಡಾ'. ಕೂಲಿಯೂ ಇಲ್ಲ, ಮೇಲೆ ದಂಡ ಬೇರೆ. ಮುಟ್ಟಿನ ನೋವಿರಲಿ, ಬಸಿರಿನ ಭಾರವಿರಲಿ, ಲೆಕ್ಕ ಮಾತ್ರ ಬದಲಾಗುವುದಿಲ್ಲ. ಗುಡಿಸಿಲ ಬಳಿ ಶೌಚಾಲಯವಿಲ್ಲ, ಸ್ನಾನಕ್ಕೆ ಮರೆಯಿಲ್ಲ, ಬಟ್ಟೆ ಒಗೆಯಲು ನೀರಿಲ್ಲ.

ಇಂಥ ಬಾಳಿನಲ್ಲಿ ಸೋಂಕು ತಗುಲುವುದು ಆಶ್ಚರ್ಯವಲ್ಲ. ಬಿಳಿಸೆರಗು, ಕಿಬ್ಬೊಟ್ಟೆಯ ನೋವು, ಹೆಚ್ಚಿದ ಸ್ರಾವ ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ ದೊರೆತ ಉತ್ತರ ಮಾತ್ರ ಆಶ್ಚರ್ಯಕರವಾದುದು: 'ಪಿಶವಿ ಕೆಟ್ಟಿದೆ, ತೆಗೆಸಿಬಿಡು, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ.' ಬೀಡ ಜಿಲ್ಲೆಯ ಈ ವಿಪರೀತ 2019ರಲ್ಲಿ ಸುದ್ದಿಯಾದಾಗ ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮೀಕ್ಷೆಗೆ ಒಳಪಟ್ಟ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿಗೆ ಗರ್ಭಕೋಶವಿರಲಿಲ್ಲ. ಅಂದರೆ ಆರು ಮಂದಿಯಲ್ಲಿ ಒಬ್ಬಳು! 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ದೇಶದ ಸರಾಸರಿ ಶೇಕಡಾ 3ರ ಆಸುಪಾಸಿನಲ್ಲಿತ್ತು. ರೋಗವು ಜಿಲ್ಲೆಯ ಗಡಿಯನ್ನೂ ಕೂಲಿಯ ಲೆಕ್ಕವನ್ನೂ ನೋಡಿಕೊಂಡು ಹೀಗೆ ಬರುವುದಿಲ್ಲ.

'ಅದು ಮರಾಠವಾಡದ ಕಥೆ, ನಮಗೇನು?' ಎನ್ನುವವರಿಗೆ ನಮ್ಮ ಕಲಬುರಗಿಯನ್ನು ನೆನಪಿಸುತ್ತೇನೆ. 2015ರಲ್ಲಿ ಆ ಜಿಲ್ಲೆಯ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳು ಇದೇ ಅಳಲನ್ನು ಹೊತ್ತು ಬೀದಿಗಿಳಿದರು. ಕೆಲವೇ ಖಾಸಗಿ ಆಸ್ಪತ್ರೆಗಳಲ್ಲಿ ಎರಡೂವರೆ ವರ್ಷದ ಅವಧಿಯಲ್ಲಿ ಎರಡು ಸಾವಿರಕ್ಕೂ ಮೀರಿದ ಗರ್ಭಕೋಶಗಳನ್ನು ತೆಗೆದುಹಾಕಿದ್ದು ಆಗ ತನಿಖೆಯಲ್ಲಿ ಬಯಲಾಯಿತು. ಅಲ್ಲಿ ಭಾಷೆಯ ಗೋಡೆಯ ನೆಪವೂ ಇರಲಿಲ್ಲ. ಆದ್ದರಿಂದ ಇದು ಕನ್ನಡ-ಮರಾಠಿಯ ಜಗಳವಲ್ಲ; ಮರಾಠಿ ವೈದ್ಯರನ್ನು ಹಳಿಯಲು ಈ ಲೇಖನವನ್ನು ಯಾರೂ ಬಳಸಿಕೊಳ್ಳಬಾರದು.

ಆದರೂ ಭಾಷೆಯ ಪ್ರಶ್ನೆ ಇದ್ದೇ ಇದೆ. ಮರಾಠಿಯ ಆಡುಮಾತಿನಲ್ಲಿ ಗರ್ಭಕೋಶಕ್ಕೆ 'ಪಿಶವಿ', ಅಂದರೆ ಚೀಲ. ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿಯೂ ಅದು 'ಗರ್ಭಚೀಲ'ವೇ. ಸಾಮಾನು ಇಳಿಸಿದ ಮೇಲೆ ಚೀಲಕ್ಕೇನು ಬೆಲೆ? 'ಮಕ್ಕಳಾದವಲ್ಲ, ಇನ್ನೇಕೆ ಆ ಚೀಲ?' ಎಂಬ ತರ್ಕ ಆ ಪದದಲ್ಲಿಯೇ ಅಡಗಿದೆ. ಅದು ಚೀಲವಲ್ಲ, ದೇಹದ ಅಂಗ. ಎಳೆಯ ವಯಸ್ಸಿನಲ್ಲಿ ಅದರೊಡನೆ ಅಂಡಾಶಯಗಳನ್ನೂ ತೆಗೆದರೆ ಒಡನೆಯೇ ಮುಟ್ಟು ನಿಲ್ಲುವ ಕಾಲದ ಎಲ್ಲ ಬಾಧೆಗಳು ಮುತ್ತುತ್ತವೆ. ಮೂಳೆ ಸವೆಯುತ್ತದೆ, ಹೃದ್ರೋಗದ ಸಂಭವ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಅವು ಅವಧಿಗೆ ಮುನ್ನ ಬತ್ತುವುದುಂಟು. ಕ್ಯಾನ್ಸರ್ ಇದ್ದಾಗ, ಔಷಧಕ್ಕೆ ಬಗ್ಗದ ರಕ್ತಸ್ರಾವವಿದ್ದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ ಎಂಬುದು ನಿಜ. ಆದರೆ ಮಾತ್ರೆಯಿಂದ ಗುಣವಾಗುವ ಸೋಂಕಿಗೆ ಅಂಗವನ್ನೇ ಕತ್ತರಿಸುವುದು ಚಿಕಿತ್ಸೆಯಲ್ಲ, ವ್ಯಾಪಾರ.

ನ್ಯಾಯಾಲಯ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಹೆಣ್ಣುಮಗಳೊಬ್ಬಳ ಗರ್ಭಕೋಶ, ಅಂಡಾಶಯಗಳನ್ನು ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸಾರಿತು. ರೋಗಿಗೆ ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ದಾರಿಗಳು ತಿಳಿದಿರಬೇಕೆಂದಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಬಗ್ಗೆ ಡಾ. ನರೇಂದ್ರ ಗುಪ್ತ ಸಲ್ಲಿಸಿದ್ದ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ, ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಈಗ ಹೇಳಿ: ಇಂಡಿ ತಾಲೂಕಿನಿಂದಲೋ ಆಳಂದದಿಂದಲೋ ಬಂದು ಇಲ್ಲಿಯ ಗದ್ದೆಯಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಕನ್ನಡತಿಯೊಬ್ಬಳು ತನಗೆ ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ, ಅದು ತಿಳಿದು ಕೊಟ್ಟ ಒಪ್ಪಿಗೆಯೆ? ಪಕ್ಕದಲ್ಲಿ ನಿಂತು ದುಭಾಷಿಯಾಗುವವನು ಗಂಡ, ಇಲ್ಲವೇ ಹತ್ತು ವರ್ಷದ ಮಗ. ಮಗನ ಮುಂದೆ ಯಾವ ತಾಯಿ ತನ್ನ ಒಳಬಾಧೆಯನ್ನು ಬಿಡಿಸಿ ಹೇಳಿಯಾಳು? 'ಹೊಟ್ಟೆನೋವು' ಎಂದು ಹೇಳಿ ಸುಮ್ಮನಾಗುತ್ತಾಳೆ.

'ಇದು ನಮ್ಮ ಸಂಸ್ಕೃತಿಗೆ ಒಗ್ಗದ ಮಾತು' ಎಂಬ ಆಕ್ಷೇಪ ಎಲ್ಲಕ್ಕಿಂತ ಹುಸಿಯಾದುದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಅವುಗಳಲ್ಲಿ ರಜಸ್ಸೂತಕವೂ ಒಂದಾಗಿತ್ತು. ಮುಟ್ಟು ಮೈಲಿಗೆಯಲ್ಲ ಎಂದು ಆ ಕಾಲದಲ್ಲಿಯೇ ಸಾರಿದವರ ನಾಡಿನವರು ನಾವು. ನಮ್ಮ ಮನೆಗಳಲ್ಲಿ ಇಂದಿಗೂ ಹೆಣ್ಣುಮಕ್ಕಳು ಆ ಬಟ್ಟೆಯನ್ನು ಬಿಸಿಲು ಕಾಣದ ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸುತ್ತಾರೆ! 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೇ ಮೇಲ್ಪಂಕ್ತಿಯಾಯಿತು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ 'ತಾಯಿ ಮಗು', 'ಕೇಳು ಕಿಶೋರಿ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ'ಗಳನ್ನು ಬರೆದು, ನಾಚಿಕೆಯಿಲ್ಲದೆ, ಅಸಭ್ಯವೂ ಆಗದೆ, ಹೆಣ್ಣಿನ ದೇಹದ ಬಗ್ಗೆ ಕನ್ನಡದಲ್ಲಿ ಮಾತನಾಡಬಹುದೆಂದು ತೋರಿಸಿಕೊಟ್ಟರು. ನಾವು ನೆಲೆಸಿದ ಮಹಾರಾಷ್ಟ್ರದ ಪರಂಪರೆಯೂ ಬಡವಲ್ಲ. ರಘುನಾಥ ಧೋಂಡೋ ಕರ್ವೆ 1927ರಿಂದ ತಮ್ಮ ಸಾವಿನವರೆಗೆ, 1953ರ ತನಕ, 'ಸಮಾಜಸ್ವಾಸ್ಥ್ಯ' ಪತ್ರಿಕೆ ನಡೆಸಿ ಮೊಕದ್ದಮೆಗಳನ್ನು ಎದುರಿಸಿದರು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಎರಡೂ ನಾಡುಗಳ ಹಿರಿಯರು ತೆರೆದ ಬಾಗಿಲನ್ನು ನಾವು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚುತ್ತಿದ್ದೇವೆ.

ಮೌನದ ಬೆಲೆ ಎಷ್ಟೆಂಬುದು ಈ ರಾಜ್ಯದಲ್ಲಿಯೇ ಅಳೆದು ತೋರಿಸಿದ ಸಂಗತಿ. ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ ಬಂಗ್ ದಂಪತಿಗಳು ತಮ್ಮ ಸಂಗಡಿಗರೊಡನೆ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಂತೆ, ಶೇಕಡಾ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಾತ್ರ. ಉಳಿದವರು ಅದನ್ನು ಹೆಣ್ಣುಜನ್ಮದ ಪಾಡೆಂದು ಸಹಿಸಿಕೊಂಡಿದ್ದರು.

ಮೌನ ಆಳುವೆಡೆಯಲ್ಲಿ ಇನ್ನೊಬ್ಬ ವ್ಯಾಪಾರಿಯೂ ಹುಟ್ಟಿಕೊಳ್ಳುತ್ತಾನೆ. ಕತ್ತಿ ಹಿಡಿದವನು ಬಡವಳನ್ನು ಹೆದರಿಸಿದರೆ, ಸುಗಂಧದ ಸೀಸೆ ಹಿಡಿದವನು ಮಧ್ಯಮ ವರ್ಗದವಳನ್ನು ನಾಚಿಸುತ್ತಾನೆ. 'ನಿನ್ನ ದೇಹಕ್ಕೆ ವಾಸನೆಯಿದೆ, ತೊಳೆದುಕೋ' ಎಂಬುದು ಅವನ ಜಾಹೀರಾತಿನ ಸಾರ. ಸತ್ಯವೇನೆಂದರೆ ಯೋನಿಯು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಅಂಗ. ಅಲ್ಲಿ ನೆಲೆಸಿದ ಉಪಕಾರಿ ಸೂಕ್ಷ್ಮಜೀವಿಗಳು, ಹಾಲನ್ನು ಮೊಸರಾಗಿಸುವ ಜೀವಿಗಳ ಬಂಧುಗಳು, ಆಮ್ಲವನ್ನು ಉತ್ಪಾದಿಸಿ ಸೋಂಕನ್ನು ತಡೆಯುತ್ತವೆ. ಒಳಗೆ ಸಾಬೂನು, ಡೆಟಾಲ್, ಸುಗಂಧದ್ರವ ಹಾಕಿ ತೊಳೆದರೆ ಕಾವಲುಗಾರನನ್ನೇ ಹೊರದೂಡಿದಂತೆ. ಹೊರಭಾಗಕ್ಕೆ ಶುದ್ಧ ನೀರು ಸಾಕು.

ವೇದಿಕೆಯ ಮೇಲೆ ಹೇಳಬಾರದೆಂದ ಮಾತುಗಳನ್ನು ಇನ್ನೂ ಕೆಲವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಿಂಗಳ ನಡುವೆ ತಿಳಿಯಾದ, ವಾಸನೆಯಿಲ್ಲದ ಬಿಳುಪು ಹೋಗುವುದು ಸಹಜ; ಅದರಿಂದ ಶಕ್ತಿ ಸೋರಿಹೋಗುವುದಿಲ್ಲ. ತುರಿಕೆ, ದುರ್ವಾಸನೆ, ಹಸಿರು-ಹಳದಿ ಬಣ್ಣ, ಮೊಸರಿನ ಗಡ್ಡೆಯಂಥ ಸ್ರಾವವಿದ್ದರೆ ಅದು ಸೋಂಕು. ಔಷಧದಿಂದ ಗುಣವಾಗುತ್ತದೆ, ಕೆಲವು ಸೋಂಕುಗಳಲ್ಲಿ ಗಂಡನೂ ಔಷಧ ತೆಗೆದುಕೊಳ್ಳಬೇಕು. ಮೂತ್ರ ಕಟ್ಟಿಕೊಳ್ಳುವುದು, ಶೌಚಾಲಯವಿಲ್ಲವೆಂದು ನೀರನ್ನೇ ಕುಡಿಯದಿರುವುದು ಮೂತ್ರದ ಸೋಂಕಿಗೆ ಆಹ್ವಾನ. ಗರ್ಭಕೋಶ ಜಾರಿದರೆ ತೆಗೆಸುವುದೊಂದೇ ದಾರಿಯಲ್ಲ. ಸ್ನಾಯುಗಳ ವ್ಯಾಯಾಮವಿದೆ, ಒಳಗೆ ಕೂರಿಸುವ ಬಳೆಯಿದೆ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಸಮಾಗಮದ ನಂತರ ರಕ್ತ ಹೋದರೆ ಒಂದು ದಿನವೂ ತಡಮಾಡಬಾರದು.

ಕ್ಯಾನ್ಸರಿನ ಹೆದರಿಕೆ ತೋರಿಸಿ ಗರ್ಭಕೋಶ ತೆಗೆಯುವವರು ಕ್ಯಾನ್ಸರನ್ನು ನಿಜವಾಗಿ ತಡೆಯುವ ದಾರಿಯನ್ನು ಹೇಳುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಾಣು ಕಾರಣವೆಂದು ಕಂಡುಹಿಡಿದ ಹೆರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ದೊರೆಯಿತು. ಬಾರಾಮತಿಯಿಂದ ದೂರವಲ್ಲದ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. ಈ ವೈರಾಣುವನ್ನು ಹುಡುಕುವ ಪರೀಕ್ಷೆಯನ್ನು ಒಮ್ಮೆ ಮಾಡಿದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದವೆಂದು 2009ರಲ್ಲಿ ಜಗತ್ತಿಗೆ ತಿಳಿಯಿತು. ನಮ್ಮ ನೆರೆಯ ಬಡ ಹೆಂಗಸರ ಮೂಲಕ ಲೋಕ ಕಲಿತ ಪಾಠವನ್ನು ನಾವೇ ಕಲಿಯಲಿಲ್ಲ: 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಂಡವರು ಶೇಕಡಾ 2ರಷ್ಟೂ ಇರಲಿಲ್ಲ. ಈ ವೈರಾಣುವಿನ ವಿರುದ್ಧದ ದೇಶೀ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಅದನ್ನು ತಯಾರಿಸಿದ್ದು ನಮ್ಮದೇ ಜಿಲ್ಲಾಕೇಂದ್ರ ಪುಣೆಯ ಸೀರಂ ಸಂಸ್ಥೆ. 9ರಿಂದ 14ರ ವಯಸ್ಸು ಅದಕ್ಕೆ ತಕ್ಕ ಕಾಲ. ಎಷ್ಟು ಕನ್ನಡ ಮನೆಗಳಲ್ಲಿ ಈ ಮಾತು ಕೇಳಿಬಂದಿದೆ?

'ಹೆಂಗಸರ ಮಾತು ಹೆಂಗಸರಲ್ಲಿಯೇ ಇರಲಿ' ಎಂಬ ಉಪದೇಶಕ್ಕೂ ಉತ್ತರ ಕೊಡಬೇಕು. ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂದು ನಿರ್ಧರಿಸುವವನು ಗಂಡಸು. ಹಣ ಕೊಡುವವನು ಗಂಡಸು. ಕಾಗದಕ್ಕೆ ಸಹಿ ಹಾಕುವವನು ಗಂಡಸು. ಶೌಚಾಲಯ ಕಟ್ಟಿಸಬೇಕಾದ ಗುತ್ತಿಗೆದಾರನೂ ಗಂಡಸು. ಅಧಿಕಾರವೆಲ್ಲ ತನ್ನ ಕೈಯಲ್ಲಿಟ್ಟುಕೊಂಡು ಅರಿವನ್ನು ಮಾತ್ರ ಹೆಂಗಸರ ಪಾಲಿಗೆ ಬಿಟ್ಟಿದ್ದೇನೆ ಎನ್ನುವುದು ಔದಾರ್ಯವಲ್ಲ, ತಪ್ಪಿಸಿಕೊಳ್ಳುವಿಕೆ.

ಹೊರನಾಡ ಸಂಘಗಳು ಏನು ಮಾಡಬಹುದು? ಕಟ್ಟಡ ಬೇಡ, ನಿಧಿ ಬೇಡ. ಕನ್ನಡವನ್ನೂ ಮರಾಠಿಯನ್ನೂ ಬಲ್ಲ ಹತ್ತು ಮಂದಿ ಹೆಣ್ಣುಮಕ್ಕಳು ಸರದಿಯಂತೆ ಸರ್ಕಾರಿ ಆಸ್ಪತ್ರೆಗೆ ಜೊತೆಯಾಗಿ ಹೋಗಲಿ. ಎರಡೂ ಭಾಷೆಗಳಲ್ಲಿ ಈ ಬಾಧೆಗಳ ಹೆಸರುಗಳನ್ನು ಬರೆದ ಒಂದು ಚಿಕ್ಕ ಕೈಪಿಡಿಯನ್ನು ಅಚ್ಚು ಹಾಕಿಸೋಣ. ಗರ್ಭಕೋಶ ತೆಗೆಸಬೇಕೆಂದು ಯಾರೇ ಹೇಳಲಿ, ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬಾರದು ಎಂಬುದನ್ನು ಪ್ರತಿ ಕನ್ನಡ ಮನೆಗೂ ಮುಟ್ಟಿಸೋಣ. ವರ್ಷಕ್ಕೊಮ್ಮೆ ತಪಾಸಣಾ ಶಿಬಿರ ನಡೆಯಲಿ. ಅರಿಶಿನ-ಕುಂಕುಮದ ದಿನವೇ ನಡೆಯಲಿ, ಅಡ್ಡಿಯಿಲ್ಲ.

ಮುಂದಿನ ರಾಜ್ಯೋತ್ಸವದ ಸಿದ್ಧತಾ ಸಭೆಯಲ್ಲಿ ಆ ಸೋದರಿ ಮತ್ತೆ ಏಳುವರೋ ಇಲ್ಲವೋ ತಿಳಿಯದು. ಒಮ್ಮೆ ತಲೆ ತಗ್ಗಿಸಿ ಕುಳಿತವರನ್ನು ಮತ್ತೆ ಎಬ್ಬಿಸುವುದು ಸುಲಭವಲ್ಲ. ಆದ್ದರಿಂದ ಈ ಸಲ ಅವರ ಸೂಚನೆಯನ್ನು ನಾನು ಮಂಡಿಸುತ್ತೇನೆ. ಅನುಮೋದಿಸುವವರು ಯಾರು?